ಅಟ್ಟದ ಮೇಲಿನ ಊರಿಗೆ ರಾಗಿ ಬಿತ್ತಿದ್ದು

ತ್ಯಾಗರಾಜನಗರ

ಇಂಗ್ಲೆಂಡಿಗೆ ಹೋಗಿ ಬಂದವರು ರಾಣಿಯ ಅರಮನೆ, ಕಾವಲುಗಾರರ ಕರಡಿ ಟೋಪಿ, ಲಂಡನ್ನಿನ ಸೇತುವೆ ಇವುಗಳ ಬಗ್ಗೆ ಹೇಳಲೇಬೇಕು ಅಂತ ನಮ್ಮ ಬೀದಿಯವರ ಲೆಕ್ಕ. ನಾನು ವಾಪಸು ಬಂದ ವಾರ ಎದುರುಮನೆ ಪದ್ದಕ್ಕ ಕಾಫಿ ಲೋಟ ಹಿಡಿದು ಜಗಲಿ ಮೇಲೆ ಕೂತು, ರಾಣಿ ನೋಡಿದ್ಯೇನೇ ಅಂದರು. ಇಲ್ಲ ಪದ್ದಕ್ಕ, ನೋಡಲಿಲ್ಲ. ಲಂಡನ್ನಿನಲ್ಲಿ ನಾವಿದ್ದದ್ದೇ ಒಂದು ಮಧ್ಯಾಹ್ನ, ಅದೂ ಎಂಥ ಮಬ್ಬು ಅಂದರೆ ಕೈಯಲ್ಲಿ ಹಿಡಿದ ಟ್ರಂಕೇ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ನೋಡಿದ್ದು ಒಂದು ಅಟ್ಟ, ಅಟ್ಟದ ಮೇಲೆ ಒಂದು ಊರು. ಅದನ್ನು ಬೇಕಾದರೆ ಹೇಳುತ್ತೇನೆ, ಕೇಳುವ ವ್ಯವಧಾನ ಇದ್ದರೆ ಕೂತುಕೊಳ್ಳಿ.

ಇದು ಜಯನಗರ ಇನ್ನೂ ಅರ್ಧ ಸೈಟು, ಅರ್ಧ ಹೊಲ ಆಗಿದ್ದ ಕಾಲದ ಮಾತು. ಇವರನ್ನು, ಅಂದರೆ ನಮ್ಮ ಯಜಮಾನರನ್ನು, ಕಾರ್ಖಾನೆಯವರು ಆರು ತಿಂಗಳ ತರಬೇತಿಗೆ ಕಳಿಸಿದರು. ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು ಅಂತ ಆಯಿತು. ನನ್ನ ತೌರಿನಲ್ಲಿ ಅಪ್ಪ, 'ಹೋಗಿ ಬಾಮ್ಮ, ನೆಗಡಿ ಮಾಡ್ಕೋಬೇಡ' ಅಂದರು, ಅಷ್ಟೇ. ಅವರದು ಮೊದಲಿಂದ ಮಾತು ಕಡಿಮೆ. ಬೇಗೂರು ಕಡೆ ಶಾನುಭೋಗರಾಗಿದ್ದವರು, ತಿಲಕ್ ನಗರದ ಆಚೆ ನಮ್ಮದೊಂದು ರಾಗಿ ಹೊಲ ಇತ್ತು. ಅದು ಬಡಾವಣೆಗೆ ಹೋಯಿತು. ಪರಿಹಾರ ಬಂತು, ಅದರಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟರು, ತೊಂದರೆ ಏನೂ ಆಗಲಿಲ್ಲ. ಆದರೆ ಆವತ್ತಿನಿಂದ ಆ ದಾರಿಯಲ್ಲಿ ಮಾತ್ರ ಅವರು ನಡೆಯುವುದಿಲ್ಲ. ನಮ್ಮ ಮನೆಗೆ ಬರಬೇಕಾದರೂ ಊರೆಲ್ಲ ಸುತ್ತಿಕೊಂಡು ಬರುತ್ತಾರೆ. ಕೇಳಿದರೆ ಆ ಕಡೆ ಬಿಸಿಲು ಜಾಸ್ತಿ ಅನ್ನುತ್ತಾರೆ. ಬಿಸಿಲು ಬೆಂಗಳೂರಿಗೆಲ್ಲ ಒಂದೇ ಅಲ್ಲವೇ?

ನಮ್ಮ ಅತ್ತೆಗೆ ಸೊಸೆ ಸಮುದ್ರ ದಾಟುವುದಕ್ಕಿಂತ ದಸರಾ ಗೊಂಬೆಯದೇ ದೊಡ್ಡ ಯೋಚನೆ. ಗೊಂಬೆ ಕೂರಿಸುವುದು ಅವರ ಇಲಾಖೆ, ಮೆಟ್ಟಿಲ ಕೆಳಗಿನ ತೋಟ ನನ್ನ ಇಲಾಖೆ. ನೆಲದ ಮೇಲೆ ಮಣ್ಣು ಹರಡಿ, ರಾಗಿ ಚೆಲ್ಲಿ, ನೀರು ಚಿಮುಕಿಸುತ್ತ ಬಂದರೆ ಹಬ್ಬದ ಹೊತ್ತಿಗೆ ಎಳೇ ಹಸಿರು ಎದ್ದು ನಿಲ್ಲುತ್ತದೆ. ನಡುವೆ ಕನ್ನಡಿ ಚೂರಿನ ಕೆರೆ, ಪಾರ್ಕಿನ ಬೆಂಚು, ಬೆಂಕಿಪೊಟ್ಟಣದ ಮನೆ, ಮಣ್ಣಿನ ಹಸು. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಗೊಂಬೆ ನೋಡಲು ಬಂದವರೆಲ್ಲ ತೋಟಕ್ಕೆ ಒಂದು ಉದ್ಧರಣೆ ನೀರು ಹಾಕಬೇಕು. ಹಾಕಿದವರ ಮನೆ ಹಸಿರಾಗಿರುತ್ತೆ ಅಂತ ಅತ್ತೆಯ ಅಂಬೋಣ. ಹಾಕಿದ ಮೇಲೇ ಕಡಲೆ ಉಸಲಿ ಕೈಗೆ ಬೀಳುವುದು. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಗನಿಗೆ ಅಲ್ಲಿಯ ಬ್ರೆಡ್ಡು ಆಗಿಬರುವುದಿಲ್ಲ, ಮೊಳಕೆ ಕಟ್ಟಿ ಗಂಜಿ ಮಾಡಿಕೊಡು ಅಂತ ಅತ್ತೆ ಟ್ರಂಕಿನಲ್ಲಿ ಒಂದು ಚೀಲ ರಾಗಿ ಇಟ್ಟರು. ಈ ವರ್ಷ ತೋಟ ಇಲ್ಲದ ಬೋಳು ಗೊಂಬೆ ಅಂತ ಗೊಣಗಿಕೊಂಡೇ ಇಟ್ಟರು.

ಹಡಗು

ಹಡಗಿನ ವರ್ಣನೆ ನನ್ನಿಂದ ಆಗದು, ಯಾಕೆಂದರೆ ಅರ್ಧ ದಾರಿ ನಾನು ಮಲಗೇ ಇದ್ದೆ. ಎದ್ದು ಕೂತಾಗ ನಿಂಬೆಕಾಯಿ ಉಪ್ಪಿನಕಾಯಿ ಒಂದೇ ಗತಿ. ಪಕ್ಕದ ಕ್ಯಾಬಿನ್ನಿನ ಬಿಳಿ ಹೆಂಗಸೊಬ್ಬಳು, ಅವಳದೂ ನನ್ನದೇ ಅವಸ್ಥೆ, ಬಿಸ್ಕತ್ತಿನ ಮೇಲೆ ಅದನ್ನು ಸವರಿಕೊಂಡು ತಿಂದಳು. ಕಣ್ಣಲ್ಲಿ ನೀರು ಧಾರಾಕಾರ. ಸತ್ತಳೇನೋ ಅಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಇಳಿದಾಗ ಸುಂಕದವನು ರಾಗಿ ಚೀಲ ಬಿಚ್ಚಿಸಿದ. ಕಾಳು ಬೆರಳಲ್ಲಿ ಆಡಿಸಿ, ಪಂಜರದ ಹಕ್ಕಿ ತಂದಿದ್ದೀರಾ ಅಂತ ಕೇಳಿದ. ಇವರಿಗೆ ಸಿಟ್ಟು ಬಂತು. ಹಕ್ಕಿಗಲ್ಲ, ನಾನು ತಿನ್ನೋಕೆ ಅಂದರು. ಅವನು ಇವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಪಾಪ ಅನ್ನಿಸಿತೋ ಏನೋ, ಚೀಲ ಕಟ್ಟಿ ಕೊಟ್ಟುಬಿಟ್ಟ.

ಡಾಬ್ಸನ್ನರ ಮನೆ

ನಾವು ಇಳಿದುಕೊಂಡದ್ದು ಉತ್ತರದ ಒಂದು ಕಾರ್ಖಾನೆ ಊರಿನಲ್ಲಿ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು, ಎಲ್ಲಕ್ಕೂ ಒಂದೇ ಮುಖ. ಮೊದಲ ವಾರ ನಾನು ಎರಡು ಸಲ ಪಕ್ಕದ ಮನೆಯ ಬಾಗಿಲು ತಟ್ಟಿದೆ. ನಮ್ಮ ಮನೆಯ ಯಜಮಾನ ಮಿಸ್ಟರ್ ಡಾಬ್ಸನ್, ಬ್ಯಾಂಕಿನಿಂದ ನಿವೃತ್ತರಾದವರು. ಗಳದ ಹಾಗೆ ಉದ್ದ, ಹವಾಮಾನ ಬಿಟ್ಟು ಬೇರೆ ಮಾತಿಲ್ಲ. ಹೆಂಡತಿ ಮಿಸೆಸ್ ಡಾಬ್ಸನ್, ಗುಂಡಗೆ, ಚುರುಕು. ಒಂದು ತಿಂಗಳು ಇರಿ, ಹೊಂದಿಕೆಯಾದರೆ ಮುಂದೆ ನೋಡೋಣ ಅಂತ ಆಕೆ ಬಾಗಿಲಲ್ಲೇ ಹೇಳಿಬಿಟ್ಟರು. ಸ್ನಾನ ಶನಿವಾರ ಅಂದರು. ಮಿಕ್ಕ ದಿನ ಅಂದೆ. ಮಿಕ್ಕ ದಿನ ಯಾಕೆ ಅಂದರು. ಕೊನೆಗೆ ಒಂದು ಕೆಟಲ್ ಬಿಸಿನೀರಿಗೆ ರಾಜಿಯಾಯಿತು.

ಮೊದಲನೇ ದಿನ ಸಾರಿಗೆ ಇಂಗಿನ ಒಗ್ಗರಣೆ ಹಾಕಿದೆ ನೋಡಿ, ಆಕೆ ಬಂದು ಕಿಟಕಿಯನ್ನೆಲ್ಲ ತೆಗೆದರು. ಆ ಚಳಿಯಲ್ಲಿ! ಏನು ಸುಟ್ಟುಹೋಯಿತು ಅಂತ ಒಲೆಯ ಸುತ್ತ ಹುಡುಕಿದರು. ಆಮೇಲೆ ದಿನಾ ಸಂಜೆ ಅಡಿಗೆಮನೆ ಬಾಗಿಲಲ್ಲಿ ತಲೆ ಹಾಕಿ, 'ಏನೂ ಸುಟ್ಟಿಲ್ಲ ತಾನೆ?' ಅಂತ ಕೇಳುವುದು ಅವರ ಅಭ್ಯಾಸವಾಯಿತು. ಸುಟ್ಟಿಲ್ಲ ಅನ್ನುವುದು ನನ್ನ ಅಭ್ಯಾಸವಾಯಿತು.

ಬಸ್ಸಿನಲ್ಲಿ ಇನ್ನೊಂದು ಫಜೀತಿ. ಕಂಡಕ್ಟರು, ಅರವತ್ತರ ಮುದುಕ, ನನಗೆ ಟಿಕೆಟ್ ಕೊಡುತ್ತ 'ಲವ್' ಅಂತ ಕರೆದ. ಇವರ ಕಿವಿ ಕೆಂಪಾಯಿತು. ಜಗಳಕ್ಕೆ ಎದ್ದೇಬಿಟ್ಟರು. ಅಷ್ಟರಲ್ಲಿ ಅವನು ಹಿಂದಿನ ಸೀಟಿನ ಅಜ್ಜಿಗೂ ಹಾಗೇ ಅಂದ, ಅದರ ಹಿಂದಿನ ಪೊಲೀಸಿನವನಿಗೂ ಹಾಗೇ ಅಂದ. ನಮ್ಮಲ್ಲಿ ಅಮ್ಮಾ, ಅಣ್ಣಾ ಅನ್ನೋ ಹಾಗೆ ಅಷ್ಟೇ. ಇವರು ಮೆಲ್ಲಗೆ ಕೂತುಕೊಂಡು ಕಿಟಕಿಯಾಚೆ ನೋಡತೊಡಗಿದರು.

ಇಷ್ಟೆಲ್ಲ ಆದರೂ ನನಗೆ ಹಗಲು ಹೊತ್ತು ಕಳೆಯುವುದೇ ಕಷ್ಟ. ಮಾತಿಗೆ ಜನ ಇಲ್ಲ. ನಮ್ಮ ಬೀದಿಯಲ್ಲಿ ಬಾಗಿಲು ಹಾಕಿದ್ದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಅರ್ಥ, ಅಲ್ಲಿ ಬಾಗಿಲು ತೆಗೆದಿದ್ದರೆ ಹಾಗೆ. ಎಷ್ಟೋ ದಿನ ನಾನು ಕೊತ್ತಂಬರಿ ಬೀಜ ಆರಿಸುತ್ತ ಅದರ ಜೊತೆಯೇ ಮಾತಾಡಿದ್ದುಂಟು.

ಅಟ್ಟ

ದಿನಾ ಊಟವಾದ ಮೇಲೆ ಮಿಸ್ಟರ್ ಡಾಬ್ಸನ್ ಕಾಣೆಯಾಗುತ್ತಿದ್ದರು. ಎಲ್ಲಿ ಅಂತ ಕೇಳಿದರೆ, 'ಅವರೂರಿಗೆ ಹೋಗಿದ್ದಾರೆ' ಅನ್ನುತ್ತಿದ್ದರು ಹೆಂಡತಿ. ಹಾಳು ಚಳಿಯಲ್ಲಿ ಈ ವಯಸ್ಸಿನ ಮನುಷ್ಯ ದಿನಾ ಯಾವ ಊರಿಗೆ ಹೋಗುತ್ತಾರೆ, ಕೋಟಾದರೋ ಇಲ್ಲೇ ನೇತಾಡುತ್ತಿದೆಯಲ್ಲ ಅಂತ ನನಗೆ ಸೋಜಿಗ. ಅದೇ ಹೊತ್ತಿಗೆ ತಲೆ ಮೇಲೆ ಕಟಕಟ ಸದ್ದು. ಇಲಿ ಅಂದುಕೊಂಡೆ. ಇಂಗ್ಲೆಂಡಿನಲ್ಲೂ ಇಲಿ ಇರುತ್ತಲ್ಲ ಅಂತ ಒಂಥರಾ ಸಮಾಧಾನವೂ ಆಯಿತು.

ಒಂದು ಸಂಜೆ ಅವರನ್ನು ಕೇಳಿಕೊಂಡು ಯಾರೋ ಬಂದರು. ಮಿಸೆಸ್ ಡಾಬ್ಸನ್ನರ ಕೈ ಹಿಟ್ಟಾಗಿತ್ತು. ಮೇಲೆ ಹೋಗಿ ಕರೆದು ಬಾ ಅಂತ ನನ್ನನ್ನು ಏಣಿ ಹತ್ತಿಸಿದರು. ತಲೆ ಹಾಕಿ ನೋಡುತ್ತೇನೆ, ಅಟ್ಟದ ತುಂಬ ಒಂದು ಊರು. ಹಲಗೆಗಳ ಮೇಲೆ ಗುಡ್ಡ, ಗುಡ್ಡದ ಕೆಳಗೆ ಕಣಿವೆ, ಕಣಿವೆಯಲ್ಲಿ ಬೆಂಕಿಪೊಟ್ಟಣದಷ್ಟು ಮನೆಗಳು, ಚರ್ಚು, ಅಂಚೆ ಆಫೀಸು, ಒಂದು ಪುಟ್ಟ ಸ್ಟೇಷನ್ನು. ಸುತ್ತ ಹಳಿ. ಹಳಿಯ ಮೇಲೆ ಎರಡೇ ಡಬ್ಬಿಯ ರೈಲು ಕಟಕಟ ಅಂತ ಓಡುತ್ತಿದೆ. ಡಾಬ್ಸನ್ನರು ಮಂಡಿಯೂರಿ ಕೂತು, ಬೆರಳಿನ ತುದಿಯಷ್ಟು ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರು. ನಾನು ಬಂದ ಕೆಲಸ ಮರೆತೇ ಹೋಯಿತು. ಕೆಳಗೆ ನಿಂತಿದ್ದವನು ಕಾದು ಕಾದು ಹೊರಟುಹೋದನಂತೆ.

ಅದು ಆಟದ ಸಾಮಾನಲ್ಲ, ಅವರು ಹುಟ್ಟಿದ ಊರು. ಪೇಟೆಯವರಿಗೆ ಕುಡಿಯುವ ನೀರು ಬೇಕು ಅಂತ ಕೆಳಗೆ ಅಣೆಕಟ್ಟು ಕಟ್ಟಿ ಇಡೀ ಕಣಿವೆ ಮುಳುಗಿಸಿಬಿಟ್ಟಿದ್ದರು. ಮನೆ, ಚರ್ಚು, ರೈಲು ದಾರಿ ಎಲ್ಲ ಈಗ ನೀರಿನ ತಳದಲ್ಲಿ. ಜನ ದಿಕ್ಕಿಗೊಬ್ಬರಾಗಿ ಚದುರಿದರು. ವರ್ಷಕ್ಕೊಂದು ಸಲ ಸುಗ್ಗಿ ಹಬ್ಬದ ಶನಿವಾರ ಈ ಊರಿನ ಚರ್ಚಿನ ಹಾಲ್‌ನಲ್ಲಿ ಸೇರಿ ಟೀ ಕುಡಿಯುತ್ತಾರೆ. ಈ ಸಲ ಅವರ ಮುಂದೆ ಅವರ ಊರನ್ನೇ ಇಡುತ್ತೇನೆ ಅಂತ ಡಾಬ್ಸನ್ನರು ಮಾತು ಕೊಟ್ಟಿದ್ದರು. ಯಾರ ಬಾಗಿಲು ಯಾವ ಬಣ್ಣ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡಿದ್ದರು. ಬೀದಿ ಪಂಪು ಅಂಚೆ ಆಫೀಸಿನ ಎಡಕ್ಕಿತ್ತೋ ಬಲಕ್ಕಿತ್ತೋ ಅನ್ನುವುದರ ಮೇಲೆ ಇಬ್ಬರು ಮುದುಕರು ಮಾತು ಬಿಟ್ಟಿದ್ದರಂತೆ.

"ಹೋದ ಚಳಿಗಾಲ ಇಬ್ಬರು ಹೋದರು. ಮುಂದಿನ ವರ್ಷಕ್ಕೆ ಇಟ್ಟರೆ ಇದು ನಮ್ಮೂರು ಅಂತ ಗುರುತು ಹಿಡಿಯೋಕೆ ಯಾರಿರ್ತಾರೆ, ಮಿಸೆಸ್ ರಾವ್?" ಅಂದರು ಅವರು. ಹವಾಮಾನ ಬಿಟ್ಟು ಅವರು ನನ್ನ ಜೊತೆ ಬೇರೆ ಮಾತಾಡಿದ್ದು ಅವತ್ತೇ ಮೊದಲು.

ಎಲ್ಲರಿಗಿಂತ ಹೆಚ್ಚಾಗಿ ಅವರಿಗೆ ಬೇಕಾಗಿದ್ದದ್ದು ಮಿಸ್ ಎಲೆನ್. ಅಂಚೆ ಆಫೀಸು ನಡೆಸುತ್ತಿದ್ದ ಹೆಂಗಸು, ಊರಲ್ಲಿ ಕೊನೆಗೆ ಬೀಗ ಹಾಕಿದ್ದು ಆಕೆಯೇ. ಸುಗ್ಗಿ ಹಬ್ಬಕ್ಕೆ ಆಕೆ ಒಂದು ವರ್ಷವೂ ಬಂದಿಲ್ಲ. ಅಣೆಕಟ್ಟಿನ ಕಡೆ ಹೋಗುವ ಬಸ್ಸನ್ನೇ ಹತ್ತುವುದಿಲ್ಲ, ಸುತ್ತು ಬಳಸಿ ಹೋಗುತ್ತಾರೆ ಅಂದರು. ಯಾಕೆ ಅಂದೆ. ಆ ದಾರಿಯಲ್ಲಿ ಗಾಳಿ ಜಾಸ್ತಿ ಅಂತಾರೆ ಅಂದರು.

ನನಗೆ ಅಪ್ಪ ನೆನಪಾದರು. ಎಲ್ಲಿಯ ತಿಲಕ್ ನಗರ, ಎಲ್ಲಿಯ ಈ ಅಟ್ಟ. ಆ ರೈಲು ಒಂದು ಸುತ್ತು ಪೂರ್ತಿ ಹಾಕುವ ತನಕ ನೋಡುತ್ತ ನಿಂತೆ.

ಊರೆಲ್ಲ ತಯಾರಾಗಿತ್ತು, ಹೊಲ ಒಂದು ಆಗಿರಲಿಲ್ಲ. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಅಂಟಿಸಿದ್ದರು, ಹಳೇ ಕಂಬಳಿಯ ಹಾಗೆ ಕಾಣುತ್ತಿತ್ತು. ಮೂರು ಸಲ ಕೆರೆದು ಮೂರು ಸಲ ಹಚ್ಚಿದ್ದಾರೆ, ಆದರೂ ಇದು ನಮ್ಮೂರ ಹಸಿರಲ್ಲ ಅಂತ ಅವರಿಗೆ ಕೊರಗು.

"ಬಣ್ಣ ಯಾಕೆ ಹಚ್ತೀರಿ? ಬೆಳೆದರೆ ಆಯ್ತಲ್ಲ," ಅಂದೆ ನಾನು.

ಬಿತ್ತನೆ

ಮಾರನೆಯ ದಿನವೇ ಶುರು. ಹಲಗೆ ನೆನೆಯಬಾರದು ಅಂತ ನೀರು ಇಳಿಯದ ಮೇಣದ ಬಟ್ಟೆ ಹಾಸಿ, ಅಂಚಿಗೆ ಪಟ್ಟಿ ಹೊಡೆದು, ಗುಲಾಬಿ ಪಾತಿಯ ಮಣ್ಣು ಜರಡಿ ಹಿಡಿದೆ. ಜರಡಿ ಮಿಸೆಸ್ ಡಾಬ್ಸನ್ನರ ಕೇಕಿನದು ಅಂತ ನನಗೆ ಹೊಳೆಯಲಿಲ್ಲ. ಆ ಸಂಜೆ ಆಕೆ ಏನೂ ಸುಟ್ಟಿಲ್ಲ ತಾನೆ ಅಂತಲೂ ಕೇಳಲಿಲ್ಲ. ನಮ್ಮ ತಿಂಗಳು ಮುಗಿಯಿತು ಅಂದುಕೊಂಡೆ.

ಇವರು ಎಂಜಿನಿಯರ್ ಬೇರೆ. ಕರೆಂಟು, ನೀರು ಎರಡೂ ಒಂದೇ ಹಲಗೆ ಮೇಲೆ ಬೇಡ ಕಣೇ ಅಂದರು. ಮನೇಲಿ ಗೊಂಬೆ ಮೆಟ್ಟಿಲಿಗೆ ನೀವೇ ತಾನೇ ದೀಪದ ಸರ ಹಾಕೋದು, ಏನಾಗಿದೆ ಅಂದೆ. ಇವರು ಪೇಪರ್ ಬಿಡಿಸಿಕೊಂಡು ಅದರ ಹಿಂದೆ ಹೋಗಿಬಿಟ್ಟರು.

ರಾಗಿ ನೆನೆಸಿ, ಚೆಲ್ಲಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಒಂದು ಮೂಲೆಗೆ ಒಗ್ಗರಣೆ ಡಬ್ಬಿಯ ಸಾಸಿವೆ. ಚಿಮಣಿಯ ಗೋಡೆ ಬೆಚ್ಚಗಿತ್ತು, ಸೂರಿನಲ್ಲಿ ಗಾಜಿನ ಕಿಂಡಿ ಇತ್ತು. ಬಿಸಿಲು ಅಂತ ಅವರು ಕರೆಯುವ ವಸ್ತು ಅಲ್ಲಿಂದ ಒಂದಿಷ್ಟು ಬರುತ್ತಿತ್ತು. ಬಟ್ಟೆ ತೆಗೆದ ದಿನ ಡಾಬ್ಸನ್ನರು ಕನ್ನಡಕ ಒರೆಸಿ ಒರೆಸಿ ನೋಡಿದರು. ಕಂಡೂ ಕಾಣದ ಹಾಗೆ ಗುಡ್ಡಕ್ಕೆಲ್ಲ ಹಸಿರು ಬಂದಿತ್ತು. ಜೇಬಿನಿಂದ ಅಳತೆಪಟ್ಟಿ ತೆಗೆದು ಒಂದು ಮೊಳಕೆಗೆ ಆನಿಸಿದರು. ಆ ಊರಿನ ಲೆಕ್ಕದಲ್ಲಿ ಅದು ಮಂಡಿ ಎತ್ತರದ ಹುಲ್ಲು, ಸರಿಯಾಗಿದೆ ಅಂದರು. ಅವರ ಮುಖದಲ್ಲಿ ನಾನು ನಗು ನೋಡಿದ್ದು ಅದೇ ಮೊದಲು.

ಸಾಸಿವೆ ನೋಡಿ ಮಿಸೆಸ್ ಡಾಬ್ಸನ್ ಏಣಿ ಹತ್ತಿ ಬಂದರು. ಅಲ್ಲಿಯ ಮಕ್ಕಳು ಒದ್ದೆ ಬಟ್ಟೆ ಮೇಲೆ ಸಾಸಿವೆ ಬೆಳೆಸುತ್ತಾರಂತೆ, ಬೆಳೆದದ್ದನ್ನು ಕತ್ತರಿಸಿ ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರಂತೆ. ಹೇಳುತ್ತ ಹೇಳುತ್ತಲೇ ಚರ್ಚಿನ ಹಿಂದಿನ ಬಯಲನ್ನು ಒಂದು ಚಿಟಿಕೆ ಕಿತ್ತು ಬಾಯಿಗೆ ಹಾಕಿಕೊಂಡರು. ಗಂಡ ಹೌಹಾರಿದರು. ಜರಡಿಯ ಸಿಟ್ಟು ಅಲ್ಲಿಗೆ ಇಳಿಯಿತು.

ಆದರೆ ರಾಗಿಗೆ ಅಳತೆಪಟ್ಟಿ ಗೊತ್ತೇ? ಅದು ಬೆಳೆಯುತ್ತಲೇ ಹೋಯಿತು. ಎರಡು ದಿನ ಬಿಟ್ಟು ನೋಡಿದರೆ ಅವರ ತಗಡಿನ ದನಗಳೆಲ್ಲ ಕಾಣೆ, ಸ್ಟೇಷನ್ ಮಾಸ್ತರರ ಟೋಪಿ ಮಾತ್ರ ಹೊರಗೆ. ಸರಿ, ಮಿಸೆಸ್ ಡಾಬ್ಸನ್ನರೂ ನಾನೂ ಉಗುರು ಕತ್ತರಿಸುವ ಕತ್ತರಿ ಹಿಡಿದು ಹುಲ್ಲು ಕೊಯ್ಯಲು ಕೂತೆವು. ಕೊಯ್ಯುತ್ತ ಕೂತರೆ ಮಾತು ತಾನಾಗಿ ಬರುತ್ತೆ, ಅದು ಯಾವ ದೇಶವಾದರೇನು. ಆಕೆ ತಂಗಿಯ ಗಂಡನ ಕುಡಿತದ ವಿಷಯ ಹೇಳಿದರು, ನಾನು ಅತ್ತೆಯ ವಿಷಯ ಹೇಳಿದೆ. ಡಾಬ್ಸನ್ನರು ಕಿವಿ ಕೇಳಿಸದವರ ಹಾಗೆ ಬೇಲಿ ನೆಡುತ್ತಿದ್ದರು.

ಹುಮ್ಮಸ್ಸಿನಲ್ಲಿ ನಾನು ಮಣ್ಣಿನಲ್ಲಿ ಒಂದು ಹಸು ಮಾಡಿ ಸ್ಟೇಷನ್ನಿನ ಪಕ್ಕ ನಿಲ್ಲಿಸಿದೆ. ಅವರು ಅಳೆದು, ಇದು ಚರ್ಚಿನ ಗೋಪುರಕ್ಕಿಂತ ಎತ್ತರ ಇದೆಯಲ್ಲ ಅಂದರು. ನಮ್ಮ ಗೊಂಬೆ ತೋಟದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ? ಮನೆಗಿಂತ ಶೆಟ್ಟರ ಗೊಂಬೆ ದೊಡ್ಡದು, ಬೆಟ್ಟಕ್ಕಿಂತ ಕೃಷ್ಣ ದೊಡ್ಡವನು, ದೇವರು ಮೊದಲಾಗಿ ಯಾರೂ ತಕರಾರು ಮಾಡಿಲ್ಲ. ನನ್ನ ಮನಸ್ಸು ನೋಯಬಾರದು ಅಂತ ಅವರು ಹಸುವನ್ನು ಗುಡ್ಡದ ಹಿಂದೆ, ಕೊಂಬು ಮಾತ್ರ ಕಾಣುವ ಹಾಗೆ ಇಟ್ಟರು.

ಚರ್ಚಿನ ಹಾಲ್

ಸುಗ್ಗಿ ಹಬ್ಬದ ಹಿಂದಿನ ದಿನ ಹಲಗೆಗಳನ್ನು ಬಿಚ್ಚಿ, ಹೊತ್ತು ಚರ್ಚಿನ ಹಾಲ್‌ಗೆ ತಂದು ಜೋಡಿಸಿದೆವು. ಅಲ್ಲಿ ಹೆಂಗಸರು ಕುಂಬಳಕಾಯಿ, ಸೇಬು, ತೆನೆಯ ಆಕಾರದ ಬ್ರೆಡ್ಡು, ಹೂವು ಇಟ್ಟು ಅಲಂಕಾರ ಮಾಡುತ್ತಿದ್ದರು. ನಮ್ಮ ಆಯುಧ ಪೂಜೆಯ ಸಡಗರವೇ. ನಮ್ಮ ಹೊಲ ನೋಡಲು ಎಲ್ಲರೂ ಮುತ್ತಿಕೊಂಡರು, ನಿಜವಾದ ಹುಲ್ಲೇ ಅಂತ ಮುಟ್ಟಿ ಮುಟ್ಟಿ ನೋಡಿದರು. ನಾನು ಹಿಗ್ಗಿಹೋದೆ. ಹಿಗ್ಗಿನಲ್ಲಿ ನಮ್ಮ ಮನೆಯ ಪದ್ಧತಿಯನ್ನೂ ಹೇಳಿದೆ. ನೋಡಿದವರು ಒಂದಿಷ್ಟು ನೀರು ಹಾಕಬೇಕು, ಹಾಕಿದವರ ಮನೆ ಹಸಿರಾಗಿರುತ್ತೆ ಅಂತ.

ಅಷ್ಟು ವಿನಯದ ಜನರನ್ನು ನಾನು ಎಲ್ಲೂ ನೋಡಿಲ್ಲ. ನಮ್ಮವರಾದರೆ ಉಸಲಿಯ ಕಡೆ ಕಣ್ಣಿಟ್ಟು ಅರ್ಧ ಉದ್ಧರಣೆ ಚಿಮುಕಿಸಿ ಜಾಗ ಖಾಲಿ ಮಾಡುತ್ತಾರೆ. ಅಲ್ಲಿಯವರು ಪರದೇಶದ ಹೆಂಗಸಿನ ಪದ್ಧತಿಗೆ ಅಗೌರವ ಆಗಬಾರದು ಅಂತ ಟೀ ಕಪ್ಪಿನಲ್ಲಿ ತುಂಬ ತುಂಬ ಹಾಕಿದರಂತೆ. ನಾವು ಮನೆಗೆ ಹೊರಟ ಮೇಲೆ ಬಂದವರೂ ಒಬ್ಬರಿಂದೊಬ್ಬರು ಕೇಳಿ ಹಾಕಿದರಂತೆ. ಹೂವಿಗೆ ನೀರು ಹಾಕುವ ಹೆಂಗಸು ಉಳಿದದ್ದನ್ನು ಹೂಜಿಯಲ್ಲೇ ಸುರಿದು ಹೋದಳಂತೆ.

ಮೇಣದ ಬಟ್ಟೆ ಒಂದು ತೊಟ್ಟು ನೀರನ್ನೂ ಕೆಳಗೆ ಬಿಟ್ಟಿರಲಿಲ್ಲ. ಹೊಲ ಇದ್ದದ್ದು ಗುಡ್ಡದ ಮೇಲೆ, ಊರಿದ್ದದ್ದು ಕಣಿವೆಯಲ್ಲಿ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತೇವೆ, ಊರು ಮುಳುಗಿದೆ. ಬೀದಿಯಲ್ಲಿ ನೀರು, ಸ್ಟೇಷನ್ನಿನಲ್ಲಿ ನೀರು, ಅಂಚೆ ಆಫೀಸಿನ ಬಾಗಿಲಿಗೆ ಅರ್ಧದವರೆಗೆ ನೀರು. ರಟ್ಟಿನ ಗೋಡೆಗಳು ಉಬ್ಬಿ ನಿಂತಿದ್ದವು. ಮೇಲೆ ಗುಡ್ಡದಲ್ಲಿ ನಮ್ಮ ರಾಗಿ ಮಾತ್ರ ಹಸಿರಾಗಿ ನಳನಳಿಸುತ್ತಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಊರನ್ನು ಒಂದು ಸಲ ಸರ್ಕಾರ ಮುಳುಗಿಸಿತ್ತು, ಎರಡನೇ ಸಲ ನಾನು. ಇವರು ಓಡಿಹೋಗಿ ಮೊದಲು ಕರೆಂಟಿನ ತಂತಿ ಕಿತ್ತರು. ಡಾಬ್ಸನ್ನರು ಸಾವಿನ ಮನೆಯಲ್ಲಿ ತೆಗೆಯುವ ಹಾಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಿಸೆಸ್ ಡಾಬ್ಸನ್, ಮನೆಗೆ ಬೆಂಕಿ ಬಿದ್ದರೂ ಅಲ್ಲಿಯವರು ಮಾಡುವ ಮೊದಲ ಕೆಲಸ ಅದೇ, ಟೀಗೆ ನೀರಿಟ್ಟರು.

ಆಚೆ ಬಸ್ಸು ಬಂದು ನಿಂತ ಸದ್ದಾಯಿತು. ಆ ಕಣಿವೆ ಊರಿನವರು ಇಳಿಯುತ್ತಿದ್ದರು, ಊರುಗೋಲು, ಕಪ್ಪು ಕೋಟು, ಕೈಚೀಲ. ಡಾಬ್ಸನ್ನರು ಅವಸರವಾಗಿ ಬಿಳೀ ಮೇಜುಬಟ್ಟೆ ಎಳೆದುಕೊಂಡು ಎಲ್ಲವನ್ನೂ ಮುಚ್ಚಲು ಹೋದರು. ನಾನು ಇನ್ನೊಂದು ತುದಿ ಹಿಡಿದೆ. ಅಷ್ಟರಲ್ಲಿ ಎಲ್ಲರಿಗಿಂತ ಮುಂದೆ ಒಬ್ಬ ಸಣಕಲು ಹೆಂಗಸು ಒಳಗೆ ಬಂದರು. ಡಾಬ್ಸನ್ನರ ಕೈ ಅಲ್ಲೇ ನಿಂತಿತು. ಅವರು ಯಾರು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮುಚ್ಚಬೇಡ ಆರ್ಥರ್," ಅಂದರು ಮಿಸ್ ಎಲೆನ್.

ಹತ್ತಿರ ಬಂದು ಬಗ್ಗಿ ನೋಡಿದರು. ಹಿಂದೆ ಬಂದವರೂ ಒಬ್ಬೊಬ್ಬರಾಗಿ ಸುತ್ತ ನಿಂತರು. ನೀರು ಬಿಟ್ಟ ದಿನ ನಾನು ಬೆನ್ನು ತಿರುಗಿಸಿ ಹೋದೆ, ನೋಡೋಕಾಗಲಿಲ್ಲ ಅಂದರು ಆಕೆ, ಯಾರನ್ನೂ ನೋಡದೆ. ಆಮೇಲೆ ಕೈಚೀಲ ಕೆಳಗಿಟ್ಟರು. ಕೈಗವಸು ಕಳಚಿದರು. ಮಿಸೆಸ್ ಡಾಬ್ಸನ್ನರ ತಟ್ಟೆಯಿಂದ ಒಂದು ಖಾಲಿ ಕಪ್ಪು ತೆಗೆದುಕೊಂಡು ಅಂಚೆ ಆಫೀಸಿನ ಮುಂದೆ ಅದ್ದಿ, ನೀರು ತುಂಬಿ, ಪಕ್ಕದಲ್ಲಿದ್ದ ಹೂವಿನ ಬಕೆಟ್ಟಿಗೆ ಸುರಿದರು.

"ಆಗ ನಮ್ಮನ್ನ ಯಾರೂ ಕೇಳಲಿಲ್ಲ," ಅಂದರು. "ಈಗ ನಾವೇ ಇದ್ದೀವಲ್ಲ. ಕಪ್ಪು ತಗೊಳ್ಳಿ."

ಅಯ್ಯೋ, ಆಮೇಲೆ ನೋಡಬೇಕಿತ್ತು ನೀವು. ಕಪ್ಪು, ಚಮಚ, ಸಾಸರು, ಒಬ್ಬ ಮುದುಕ ತನ್ನ ಕರವಸ್ತ್ರ, ಯಾರ ಕೈಗೆ ಏನು ಸಿಕ್ಕಿತೋ ಅದು. ಎಲ್ಲರೂ ಅವರವರ ಮನೆಯ ಮುಂದೆ ನಿಂತು ನೀರು ಮೊಗೆದರು. ಮೊಗೆಯುತ್ತ ಮೊಗೆಯುತ್ತ ಬಾಯಿ ಬಿಚ್ಚಿತು. ನಮ್ಮ ಬಾಗಿಲು ಇನ್ನೂ ಕಡು ನೀಲಿ ಇತ್ತು ಅಂತ ಒಬ್ಬರು, ನಿಮ್ಮ ಹುಂಜ ನಮ್ಮ ಗೋಡೆ ಮೇಲೇ ಕೂಗುತ್ತಿತ್ತು ಅಂತ ಇನ್ನೊಬ್ಬರು. ಪಂಪಿನ ವಿಷಯಕ್ಕೆ ಮಾತು ಬಿಟ್ಟಿದ್ದ ಮುದುಕರಿಬ್ಬರೂ ಒಂದೇ ಸಾಸರಿನಲ್ಲಿ ನೀರೆತ್ತುತ್ತ ಅದೇ ಜಗಳ ಮತ್ತೆ ಶುರು ಮಾಡಿದರು. ಒಬ್ಬ ರೈತ ಗುಡ್ಡದ ಹಿಂದೆ ಇಣುಕಿ ನನ್ನ ಹಸು ನೋಡಿ, ಇದು ನಮ್ಮಪ್ಪನ ಹೋರಿ, ಅದು ಇಷ್ಟೇ ದೊಡ್ಡದಿತ್ತು ಅಂತ ಸಾಧಿಸಿದ. ಡಾಬ್ಸನ್ನರು ಅಳತೆಪಟ್ಟಿ ಜೇಬಿನಿಂದ ತೆಗೆಯಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು, ನಗುತ್ತಲೂ ಇದ್ದರು. ನಾನಂತೂ ಧಾರಾಳವಾಗಿ ಅತ್ತೆ.

ಇವರು ತೋಳು ಮಡಚಿ ಹಳಿ ಒರೆಸಿ, ಒಲೆಯ ಹತ್ತಿರ ಒಂದೊಂದೇ ತಂತಿ ಒಣಗಿಸಿ, ಮಧ್ಯಾಹ್ನದ ಹೊತ್ತಿಗೆ ಕರೆಂಟು ಕೊಟ್ಟರು. ರೈಲು ಕೆಮ್ಮಿಕೊಂಡು ಹೊರಟಿತು. ಲೇಟು ಅಂತ ಡಾಬ್ಸನ್ನರು ಕ್ಷಮೆ ಕೇಳಿದರೆ, ನಮ್ಮೂರ ರೈಲು ಯಾವತ್ತು ಟೈಮಿಗೆ ಬಂದಿತ್ತು ಅಂದರು ಮಿಸ್ ಎಲೆನ್. ಹೊರಡುವಾಗ ಆಕೆ ನನ್ನ ಹತ್ತಿರ ಬಂದು, ಇದು ಯಾವ ಹುಲ್ಲು ಅಂತ ಕೇಳಿದರು. ರಾಗಿ ಅಂದೆ, ನಮ್ಮಪ್ಪನ ಹೊಲದಲ್ಲಿ ಬೆಳೀತಿದ್ದದ್ದು ಅಂದೆ. ಈಗ ಬೆಳೆಯಲ್ವಾ ಅಂದರು. ಈಗ ಅಲ್ಲಿ ಮನೆಗಳಾಗಿವೆ ಅಂದೆ. ಆಕೆ ನನ್ನ ಕೈಯನ್ನು ಒಂದು ಸಲ ಒತ್ತಿ ಹಿಡಿದು ಬಿಟ್ಟರು. ಮುಂದಿನ ವಾರ ಅವರು ಅಣೆಕಟ್ಟಿನ ಬಸ್ಸು ಹತ್ತಿ ಹೋಗಿ ಬಂದರು ಅಂತ ಮಿಸೆಸ್ ಡಾಬ್ಸನ್ ಅಡಿಗೆಮನೆಗೆ ಬಂದು ಹೇಳಿದರು. ನಮ್ಮ ಒಂದು ತಿಂಗಳ ವಾಯಿದೆ ಯಾವತ್ತೋ ದಾಟಿತ್ತು, ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮತ್ತೆ ತ್ಯಾಗರಾಜನಗರ

ಬಂದ ವರ್ಷದ ದಸರಾಕ್ಕೆ ನಾನು ಗೊಂಬೆಯ ಕೆಳಗೆ ಎಂದಿನ ಹಾಗೆ ಪಾರ್ಕು ಮಾಡಲಿಲ್ಲ. ಮಣ್ಣು ಹರಡಿ, ಬದು ಕಟ್ಟಿ, ರಾಗಿ ಚೆಲ್ಲಿದೆ. ಒಂದು ಹೊಂಗೆ ಮರ, ಕಣದ ಕಲ್ಲು, ಏತದ ಬಾವಿ, ಬಾವಿಯ ಪಕ್ಕ ಅಪ್ಪ ಮಧ್ಯಾಹ್ನ ಕೂರುತ್ತಿದ್ದ ಚಪ್ಪಡಿ. ಪಾರ್ಕೆಲ್ಲೇ, ಬೆಂಚೆಲ್ಲೇ ಅಂತ ಅತ್ತೆ ಗೊಣಗಿದರು. ಇದು ಸೀಮೆಯಿಂದ ಕಲಿತುಕೊಂಡು ಬಂದದ್ದು ಅಂದೆ. ಸೀಮೆಯದು ಅಂದ ಮೇಲೆ ಸುಮ್ಮನಾದರು.

ಅಪ್ಪ ಬಂದರು, ಯಥಾಪ್ರಕಾರ ಊರೆಲ್ಲ ಸುತ್ತಿಕೊಂಡು, ಬೆವರಿಕೊಂಡು. ಗೊಂಬೆಗೆ ಕೈ ಮುಗಿದು, ಉಸಲಿಗೆ ಕೂರಲು ಹೊರಟವರು ಕೆಳಗೆ ನೋಡಿದರು. ನೋಡಿ ಅಲ್ಲೇ ನಿಂತುಬಿಟ್ಟರು. ತಪ್ಪು ಮಾಡಿದೆನೇನೋ ಅಂದುಕೊಂಡೆ. ಅವರು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತರು. ಪಂಚೆಯ ಅಂಚಿಗೆ ಮಣ್ಣಾಯಿತು, ಗಮನಿಸಲಿಲ್ಲ. ತುಂಬ ಹೊತ್ತಾದ ಮೇಲೆ ಎರಡು ಬೆರಳಿನಲ್ಲಿ ಬಾವಿಯನ್ನು ಎತ್ತಿ, ಹೊಂಗೆ ಮರದ ಆಚೆ ಬದಿಗೆ ಇಟ್ಟರು.

"ಈ ಕಡೆ ಇತ್ತಮ್ಮ ಬಾವಿ," ಅಂದರು. "ನೀನು ಚಿಕ್ಕೋಳು, ನಿಂಗೆ ನೆನಪಿಲ್ಲ."

ಬದು ಒಂದು ಕಡೆ ತಿದ್ದಿದರು. ಚಪ್ಪಡಿಯ ಮೂತಿ ಬೇಗೂರಿನ ಕಡೆ ತಿರುಗಿಸಿದರು. ಆಮೇಲೆ ಕೈ ಚಾಚಿ, ಎಲ್ಲಿ, ನೀರು ಕೊಡು ಅಂದರು. ನಾನು ಪಂಚಪಾತ್ರೆ ಕೊಟ್ಟೆ. ಅವರು ಒಂದು ಉದ್ಧರಣೆ ಹಾಕಿದರು, ಇನ್ನೊಂದು ಹಾಕಿದರು, ಮತ್ತೊಂದು ತುಂಬಿದರು.

ಹೊಲ ಮುಳುಗಿಹೋಗುತ್ತೆ ಸಾಕು ಅಪ್ಪ ಅಂತ ಬಾಯಿ ತನಕ ಬಂತು. ಒಳಗೆ ಹೋಗಿ ಇನ್ನೊಂದು ಚೊಂಬು ನೀರು ತಂದು ಅವರ ಪಕ್ಕದಲ್ಲಿಟ್ಟೆ.